ನೋಡಿ ಹೋದ ಗಾಡಿ

ಗೇರ್ ಪೆಟ್ಟಿಗೆಯಿಂದ ಬಾಳೆಹಣ್ಣು ಹೊರಬಂದ ಮೇಲೆ ನನ್ನ ಕೆಲಸ ಬದಲಾಯಿತು.

ಕುಮಟೆಯ ಒಂದು ವಾರಪತ್ರಿಕೆಯಲ್ಲಿ ನಾನು ಆಗ ಕರಡು ತಿದ್ದುತ್ತಿದ್ದೆ, ಜಾಹೀರಾತು ಬರೆದುಕೊಳ್ಳುತ್ತಿದ್ದೆ, ಅಚ್ಚುಮೊಳೆ ಜೋಡಿಸುವವರು ಬಾರದ ದಿನ ಮೊಳೆಯನ್ನೂ ಜೋಡಿಸುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸ ಫಟಫಟಿ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಕಡೆ ಹಳೆಯ ಗಾಡಿಗಳದ್ದೇ ಕಾರುಬಾರು. ‘ಮಾರುವುದಿದೆ: ಮೋಟಾರ್ ಸೈಕಲ್, ಒಂದೇ ಕೈಯಲ್ಲಿ ಓಡಿದ್ದು, ಕಂಡೀಶನ್ ಉತ್ತಮ’ ಎಂಬ ಸಾಲುಗಳಿಲ್ಲದ ವಾರವೇ ಇರಲಿಲ್ಲ. ಯಾರು ಏನು ಬರೆದು ಕೊಟ್ಟರೂ ನಾವು ಅಚ್ಚು ಹಾಕುತ್ತಿದ್ದೆವು. ಓದುವವರು ಮಾತ್ರ ಪೇಪರಿನಲ್ಲಿ ಬಂದದ್ದನ್ನೆಲ್ಲ ಪೇಪರಿನವರೇ ಹೇಳಿದ್ದು ಎಂದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಸಂತೆಗುಳಿಯಿಂದ ಅಡಿಕೆ ಬೆಳೆಗಾರರೊಬ್ಬರು ಬಂದು, ಬಾಳೆಲೆಯಲ್ಲಿ ಸುತ್ತಿದ್ದ ಕಪ್ಪು ಮುದ್ದೆಯೊಂದನ್ನು ಸಂಪಾದಕರ ಮೇಜಿನ ಮೇಲೆ ಬಿಚ್ಚಿಟ್ಟರು. ನಮ್ಮ ಜಾಹೀರಾತು ನೋಡಿ ಅವರು ಕೊಂಡ ಗಾಡಿ ವಾರ ಕಳೆಯುವುದರೊಳಗೆ ಕಿರುಚಲು ಶುರುಮಾಡಿತ್ತಂತೆ. ಬಿಚ್ಚಿಸಿ ನೋಡಿದರೆ ಗೇರ್ ಪೆಟ್ಟಿಗೆಯ ತುಂಬ ಎಣ್ಣೆಯಲ್ಲಿ ಕಲಸಿದ ಹಣ್ಣಾದ ಬಾಳೆ. ಗೇರಿನ ಸವೆದ ಹಲ್ಲುಗಳ ಸದ್ದು ಕೆಲವು ದಿನ ಅಡಗಿಸುವುದಕ್ಕೆ ಮಾರುವವರು ಮಾಡುವ ಉಪಾಯ ಅದು.

“ಇದು ಅದರ ಹೊಟ್ಟೇಲಿ ಇದ್ದಿತ್ತು,” ಅಂದರು ಅವರು. “ನೈವೇದ್ಯಕ್ಕೆ ಇಟ್ಟಿದ್ದನಾ, ಎಂತ ಹೇಳಿ ಕೇಳ್ಕಂಡು ಹೋಪಲೆ ಬಂದೆ.”

ಸಂಪಾದಕರು ನಗಲಿಲ್ಲ. ಬೆಳೆಗಾರರು ಹೋದ ಮೇಲೆ ಮೇಜು ಒರೆಸಿಸಿ, ಇನ್ನು ಮೇಲೆ ನಾವು ನೋಡದ ಗಾಡಿಯ ಜಾಹೀರಾತು ಹಾಕುವುದಿಲ್ಲ ಎಂದರು. ನೋಡುವವನು ನಾನು. ಪ್ರೆಸ್ಸಿನಲ್ಲಿ ಹಳೆಯ ಗಾಡಿ ಇದ್ದದ್ದು ನನಗೊಬ್ಬನಿಗೇ.

ಅದು ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಮೇಲಿನ ಕಪ್ಪು ಬಣ್ಣ ಎಲ್ಲಿ ಕೆರೆದರೂ ಒಳಗೆ ಹಸಿರು. ಧಾರವಾಡದಲ್ಲಿ ಕಾಲೇಜು ಮುಗಿಸಿ ಬಂದ ವರ್ಷ ಕೊಂಡಿದ್ದೆ. ಹಳೆಯ ಗಾಡಿ ಇಟ್ಟುಕೊಳ್ಳುವುದೆಂದರೆ ಮನೆಯಲ್ಲೊಬ್ಬ ಕಾಯಿಲೆಯವರನ್ನು ಇಟ್ಟುಕೊಂಡಂತೆ. ಇವತ್ತು ಉಸಿರು ಸರಿ ಇದ್ದರೆ ನಾಳೆ ಮಂಡಿ ನೋವು. ಭಾನುವಾರಗಳೆಲ್ಲ ಗೋಣಿಚೀಲದ ಮೇಲೆ ಮಲಗಿ ಕಳೆದುಹೋಗುತ್ತಿದ್ದವು. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಕರಗಿಸಿದ ಗ್ರೀಸಿನಲ್ಲಿ ಅದ್ದಿ ನೇತುಹಾಕಬೇಕು. ಪ್ಲಗ್ಗಿನ ಮಸಿ ಕೆರೆಯಬೇಕು. ಅಮ್ಮ ಒಗೆಯುವ ಕಲ್ಲಿನ ಹತ್ತಿರ ನನ್ನ ಅಂಗಿಗಳನ್ನು ಬೇರೆಯೇ ಇಡುತ್ತಿದ್ದಳು.

ಆ ಗಾಡಿಯ ಮೇಲೆಯೇ ನಾನು ಬೇರೆ ಗಾಡಿಗಳನ್ನು ನೋಡಲು ಹೊರಟದ್ದು. ನೋಡುವುದಕ್ಕೆ ನನ್ನದೇ ಒಂದು ಕ್ರಮ ಮಾಡಿಕೊಂಡೆ. ಹೋದ ಕೂಡಲೆ ಎಂಜಿನ್ನಿನ ಮೇಲೆ ಕೈಯಿಡುವುದು. ಬಿಸಿ ಇದ್ದರೆ ನಾನು ಬರುವ ಮೊದಲೇ ಯಾರೋ ಒದ್ದು ಒದ್ದು ಚಾಲೂ ಮಾಡಿಟ್ಟಿದ್ದಾರೆಂದು ಅರ್ಥ. ಅಂಥ ಕಡೆ ಅದು ತಣಿಯುವ ತನಕ ಊರ ಸುದ್ದಿ ಮಾತಾಡುತ್ತ ಕೂರುತ್ತಿದ್ದೆ. ಗೇರ್ ಪೆಟ್ಟಿಗೆಯ ಕೆಳಗಿನ ಬಿರಡೆ ಬಿಚ್ಚಿ ಎಣ್ಣೆಯನ್ನು ಬೆರಳಲ್ಲಿ ಉಜ್ಜುವುದು. ಮುಂದಿನ ಗಾಲಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ಅಲ್ಲಾಡಿಸುವುದು. ಚೌಕಟ್ಟಿನ ಕೊಳವೆಗಳನ್ನು ಪಾನಾದಿಂದ ಮೆಲ್ಲಗೆ ಬಡಿದು ಕೇಳುವುದು. ಒಳಗೆ ತುಕ್ಕು ತಿಂದ ಕೊಳವೆ ಒಡಕು ಗಡಿಗೆಯ ಹಾಗೆ ಮಾತಾಡುತ್ತದೆ.

ಕೊನೆಯದು ಉಪ್ಪು ನೋಡುವುದು. ನಮ್ಮ ಪತ್ರಿಕೆ ಹೋಗುವುದು ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ಪೇಟೆಗೆ, ಎಲ್ಲಿ ಹೋದರೂ ಒಂದು ಹೊಳೆ ಅಡ್ಡ. ಗಾಡಿಗಳು ದೋಣಿಯಲ್ಲಿ, ಜೋಡಿ ದೋಣಿಯ ಜಂಗಲ್‌ನಲ್ಲಿ ದಾಟುತ್ತವೆ; ಕೆಲವು ದಾಟದೆ ಮುಳುಗುತ್ತವೆ. ಅಳಿವೆಯ ನೀರು ಕುಡಿದ ಗಾಡಿಯನ್ನು ತೊಳೆದು ಒಣಗಿಸಿ ಬಣ್ಣ ಬಳಿದರೆ ಮದುಮಗನ ಹಾಗೆ ಕಾಣುತ್ತದೆ. ಆದರೆ ಮುಂದಿನ ದೀಪದ ತಗಡಿನ ಬುರುಡೆಯ ಒಳಗನ್ನು ಯಾರೂ ತೊಳೆಯುವುದಿಲ್ಲ, ಬಣ್ಣವನ್ನೂ ಬಳಿಯುವುದಿಲ್ಲ. ಗಾಜು ತೆಗೆದು, ಒಳಗಿನ ಮೂಲೆಗೆ ಬೆರಳು ತಾಗಿಸಿ, ನಾಲಿಗೆಗೆ ಮುಟ್ಟಿಸಿದರೆ ಸಾಕು. ಸಾರಿಗೆ ಉಪ್ಪು ನೋಡಿದ ಹಾಗೆ.

ಇದರಿಂದ ನನಗೆ ಒಳ್ಳೆಯ ಹೆಸರೇನೂ ಬರಲಿಲ್ಲ. ಅಘನಾಶಿನಿಯ ಈಚೆ ದಡದಲ್ಲಿ ನನ್ನ ಗಾಡಿ ಬಿಟ್ಟು, ದೋಣಿಯಲ್ಲಿ ತದಡಿಗೆ ಹೋದಾಗ ಮೀನು ವ್ಯಾಪಾರಿಯೊಬ್ಬರ ಗಾಡಿಯ ಬುರುಡೆಗೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿದೆ. ಬಲೆ ಹೆಣೆಯುತ್ತ ಕೂತಿದ್ದ ಅವರ ಹೆಂಡತಿ ಕೈ ನಿಲ್ಲಿಸಿದರು.

“ನಾಯ್ಕರೇ, ಹಸಿವಾದ್ರೆ ಒಳಗೆ ಬಂದು ಊಟ ಮಾಡಿ ಮಾರಾಯ್ರೆ. ಗಾಡಿ ಎಂತಕ್ಕೆ ನೆಕ್ಕುದು?”

ಆ ಗಾಡಿ ಮೀನೆಣ್ಣೆಯ ವಾಸನೆ ಹೊಡೆಯುತ್ತಿತ್ತು, ನೋಡಲು ಕುರೂಪಿ, ಆದರೆ ಬುರುಡೆಯಲ್ಲಿ ಉಪ್ಪಿರಲಿಲ್ಲ. ಜಾಹೀರಾತು ಹಾಕಿದೆವು, ಮಾರಿಹೋಯಿತು. ‘ಗಾಡಿ ನೆಕ್ಕುವ ನಾಯ್ಕ’ ಎಂಬ ಹೆಸರು ಮಾತ್ರ ನನಗಿಂತ ಮೊದಲೇ ಭಟ್ಕಳ ತಲುಪಿತ್ತು.

ಈ ಕ್ರಮದಲ್ಲಿ ಒಂದು ತೂತಿತ್ತು. ಗಾಡಿ ಒಪ್ಪಿಗೆಯಾಗದಿದ್ದಾಗ ಏನು ಹೇಳುವುದು ಎಂಬುದನ್ನು ನಾನಾಗಲಿ ಸಂಪಾದಕರಾಗಲಿ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೇ ಕಂಡಿರಲಿಲ್ಲ. ಹೆಣ್ಣು ನೋಡಲು ಹೋದವರು ಅಂಗಳದಲ್ಲಿ ನಿಂತು ಬೇಡ ಅನ್ನುತ್ತಾರೆಯೇ? ಚಾ ಕುಡಿದು, “ಆತು, ಹೇಳಿ ಕಳಸ್ತೆ” ಎಂದು ಎದ್ದು ಬರುತ್ತಾರೆ. ಹೇಳಿ ಕಳಿಸದಿದ್ದರೆ ಅದೇ ಉತ್ತರ. ನಾನೂ ಹಾಗೇ ಎದ್ದು ಬರುತ್ತಿದ್ದೆ. ಜಾಹೀರಾತು ಬರದಿದ್ದರೆ ಅವರು ಅರ್ಥ ಮಾಡಿಕೊಳ್ಳುತ್ತಿದ್ದರು. ಯಾರಿಗೂ ಮುಖಭಂಗವಿಲ್ಲ.

ಹೊನ್ನಾವರದ ಮರದ ಕಂತ್ರಾಟುದಾರರೊಬ್ಬರ ಗಾಡಿ ನೋಡಲು ಹೋದದ್ದು ಮಳೆ ಮುಗಿದ ಮೇಲೆ. ‘ನೀರು ತಾಗದ ಗಾಡಿ’ ಎಂದು ಅವರೇ ಬರೆದುಕೊಟ್ಟಿದ್ದರು. ಕೇಳದೆಯೇ ಹಾಗೆ ಬರೆದದ್ದು ನನಗೆ ವಿಚಿತ್ರವಾಗಿ ಕಂಡಿತ್ತು. ಎಲೆಹಸಿರು ಬಣ್ಣ, ಟಾಂಕಿಯ ಮೇಲೆ ಕೆಂಪು ಗೆರೆ, ಸೀಟಿಗೆ ಹೊಸ ಚರ್ಮ. ಒಂದೇ ಒದೆತಕ್ಕೆ ಚಾಲೂ ಆಯಿತು. ಎಣ್ಣೆ ಸ್ವಚ್ಛ. ಕೊಳವೆಯ ಸದ್ದು ಒಂದು ಕಡೆ ಮಾತ್ರ ಅನುಮಾನ. ದೀಪದ ಗಾಜು ತೆಗೆದು ನೋಡಿದರೆ ಬುರುಡೆಯ ತಳದಲ್ಲಿ ಬೂದುಬಣ್ಣದ ಹುಡಿ. ನಾಲಿಗೆಗೆ ತಾಗಿಸಿದ ಕೂಡಲೆ ಮುಖ ಕಿವುಚಿಕೊಂಡಿರಬೇಕು. ಅವರು ನಕ್ಕರು.

“ಸಮುದ್ರದ ಬದಿಯ ಊರು ಮಾರಾಯ್ರೆ. ಇಲ್ಲಿ ಕಿಟಕಿ ಸರಳು ನೆಕ್ಕಿದ್ರೂ ಉಪ್ಪೇ.”

ಸಮುದ್ರದ ಗಾಳಿ ಗಾಜು ಮುಚ್ಚಿದ ಬುರುಡೆಯ ಒಳಗೆ ಹೋಗಿ ಕೂರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಚಾ ಕುಡಿದೆ. “ಆತು, ಹೇಳಿ ಕಳಸ್ತೆ” ಅಂದೆ. ಕುಮಟೆಗೆ ಬಂದು ಸಂಪಾದಕರಿಗೆ ಬೇಡವೆಂದೆ. ಕಂತ್ರಾಟುದಾರರ ಮರದ ಹರಾಜಿನ ಜಾಹೀರಾತು ನಮ್ಮಲ್ಲೇ ಬರುತ್ತಿದ್ದರೂ ಸಂಪಾದಕರು ಎರಡನೆಯ ಮಾತಾಡದೆ ಆ ಚೀಟಿಯನ್ನು ಹರಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಂದಿನದು ನಡೆದದ್ದು ಹೊನ್ನಾವರದ ಧಕ್ಕೆಯಲ್ಲಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿದ ಜಂಗಲ್‌ನಲ್ಲಿ ಜನ, ಎತ್ತಿನ ಗಾಡಿ, ಮೋಟಾರು ಎಲ್ಲ ಆಚೆ ಕಾಸರಕೋಡಿಗೆ ದಾಟಬೇಕು. ಧಕ್ಕೆಯೆಂದರೆ ನೀರಿಗಿಳಿಯುವ ಕಲ್ಲಿನ ಇಳಿಜಾರು. ಅದರ ತುದಿಯಿಂದ ಜಂಗಲ್‌ಗೆ ಎರಡು ಹಲಗೆ. ನಾನು ಭಟ್ಕಳಕ್ಕೆ ಒಂದು ಗಾಡಿ ನೋಡಲು ಹೊರಟವನು ಆಗಲೇ ಜಂಗಲ್ ಹತ್ತಿ, ನನ್ನ ಗಾಡಿಯನ್ನು ಕಂಬಕ್ಕೆ ಒರಗಿಸಿ ನಿಂತಿದ್ದೆ. ಮಧ್ಯದಲ್ಲಿ ಹುಲ್ಲು ತುಂಬಿದ ಎತ್ತಿನ ಗಾಡಿ. ಸುತ್ತ ಮೀನು ಬುಟ್ಟಿಯ ಹೆಂಗಸರು, ಬಸ್ಸಿಳಿದ ಪ್ರಯಾಣಿಕರು.

ಇಳಿಜಾರಿನ ಮೇಲ್ಗಡೆ ಎಲೆಹಸಿರು ಕಂಡಿತು. ಟಾಂಕಿಯ ಮೇಲೆ ಕೆಂಪು ಗೆರೆ. ಬಿಡುತ್ತಿದ್ದವರು ಕೋಟು ತೊಟ್ಟ ತೆಳ್ಳನೆಯ ಮನುಷ್ಯ. ಹಿಂದೆ ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಚರ್ಮದ ಚೀಲ ಹಿಡಿದು ಬಿಳಿ ಸೀರೆಯ ಹೆಂಗಸು. ಅವರು ಮಾವಳ್ಳಿಯ ಶಾಲೆಯ ಮಾಸ್ತರು, ಅವರ ಹೆಂಡತಿ ಅದೇ ಕಡೆ ಹೆರಿಗೆ ಮಾಡಿಸುವ ನರ್ಸಬಾಯಿ ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಕರೆ ಬಂದಾಗ ಹೆಂಡತಿಯನ್ನು ಊರಿಂದೂರಿಗೆ ಮುಟ್ಟಿಸುವುದಕ್ಕೆಂದೇ ಅವರು ಗಾಡಿ ಕೊಂಡದ್ದು. ಅವತ್ತೇ ಕೈಗೆ ಬಂದಿತ್ತು.

ಆ ಇಳಿಜಾರು ಈಗಲೂ ನನ್ನ ಕಣ್ಣೆದುರು ಇಳಿಯುತ್ತಲೇ ಇದೆ. ಹೊಸಬರು ಇಳಿಜಾರಿನಲ್ಲಿ ಮಾಡುವಂತೆ ಮಾಸ್ತರು ಕ್ಲಚ್ ಹಿಡಿದುಕೊಂಡರು. ಹಾಗೆ ಹಿಡಿದರೆ ಎಂಜಿನ್ನು ಗಾಡಿಯನ್ನು ತಡೆಯುವುದಿಲ್ಲ, ಬ್ರೇಕೊಂದೇ ಗತಿ. ಅವರು ಬ್ರೇಕನ್ನು ಮೆಟ್ಟಿದ್ದು ಕಂಡಿತು. ಠಣ್ ಎಂಬ ಸದ್ದು ನನ್ನ ತನಕ ಕೇಳಿತು. ಹಿಂದಿನ ಗಾಲಿಗೆ ಹೋಗುವ ಬ್ರೇಕಿನ ಸರಳು, ಬಣ್ಣದ ಕೆಳಗೆ ತುಕ್ಕು ತಿಂದು ಕಡ್ಡಿಯಷ್ಟಾಗಿದ್ದದ್ದು, ತುಂಡಾಗಿತ್ತು. ಮುಂದಿನ ಬ್ರೇಕಿನ ತಂತಿಯೂ ಕವಚದೊಳಗೆ ತುಕ್ಕಿಗೆ ಬಿಗಿದುಕೊಂಡಿತ್ತು. ಅವರು ಅದನ್ನು ಒತ್ತಿದರೂ ಏನೂ ಆಗಲಿಲ್ಲ.

ನಾನು “ಕ್ಲಚ್ ಬಿಡಿ” ಎಂದು ಕೂಗಿದೆ. ಹೆಂಗಸರ ಬೊಬ್ಬೆ, ಎತ್ತುಗಳ ಗೊರಸಿನ ಸದ್ದು. ಆ ಗಲಾಟೆಯಲ್ಲಿ ‘ಬಿಡಿ’ ಎಂಬುದೊಂದೇ ದಡ ಮುಟ್ಟಿರಬೇಕು. ಮಾಸ್ತರು ಬಿಡಲಿಲ್ಲ. ನರ್ಸಬಾಯಿ ಅದು ತನಗೇ ಹೇಳಿದ್ದೆಂದು ಗಂಡನ ಭುಜ ಬಿಟ್ಟರು. ಬದಿಯ ಕೆಸರಿಗೆ ಉರುಳಿದರು. ಚೀಲ ಮಾತ್ರ ಕೈಯಲ್ಲೇ ಇತ್ತು.

ಗಾಡಿ ಹಲಗೆಗೆ ಬರಲಿಲ್ಲ. ಜನರಿದ್ದ ಕಡೆಯಿಂದ ಮಾಸ್ತರು ಹ್ಯಾಂಡಲ್ ತಿರುಗಿಸಿದರೆಂದೇ ನಾನು ನಂಬಿದ್ದೇನೆ. ಕಲ್ಲಿನ ಅಂಚು ದಾಟಿ ಧಕ್ಕೆಗೂ ಜಂಗಲ್‌ಗೂ ನಡುವಿನ ಸಂದಿಗೆ ಬಿತ್ತು. ಎದೆಮಟ್ಟದ ನೀರು. ಗಾಡಿ ಕೆಳಗೆ ಅಡ್ಡ ಸಿಕ್ಕಿಕೊಂಡಿತು, ಅದರ ಕೆಳಗೆ ಮಾಸ್ತರರ ಕಾಲು. ಅವರ ತಲೆ ನೀರಿನ ಮೇಲಿತ್ತು, ಬೆನ್ನು ಕಲ್ಲಿಗೆ ಆನಿತ್ತು.

ನಿಜವಾದ ಅಪಾಯ ಆಮೇಲೆ ಶುರುವಾಯಿತು. ಜನರೆಲ್ಲ ನೋಡುವುದಕ್ಕೆಂದು ದಡದ ಬದಿಗೆ ನುಗ್ಗಿದರು. ಆ ನೂಕಿಗೆ ಆಚೆ ತುದಿಯನ್ನು ಕಟ್ಟಿದ್ದ ಹಗ್ಗ ಕಳಚಿ, ತುಂಬಿದ ಜಂಗಲ್ ಮೆಲ್ಲಗೆ ಕಲ್ಲಿನ ಕಡೆಗೇ ತಿರುಗತೊಡಗಿತು. ಏರುತ್ತಿದ್ದ ಭರತದ ನೀರು ಅದನ್ನು ಇನ್ನಷ್ಟು ತಳ್ಳುತ್ತಿತ್ತು. ಜಂಗಲ್‌ಗೂ ಕಲ್ಲಿಗೂ ನಡುವೆ ಒಬ್ಬ ಮನುಷ್ಯ. ಜಂಗಲ್‌ನ ದೋಣಿ ನಡೆಸುವ ಖಾರ್ವಿಗಳು ಉದ್ದನೆಯ ಬಿದಿರ ಗಳು ಹಿಡಿದು ಕಲ್ಲಿಗೆ ಆನಿಸಿದರು. ಒಂದು ಗಳು ನನ್ನ ಕೈಗೂ ಬಂತು. ಯಾರು ಕೊಟ್ಟರೋ ಗೊತ್ತಿಲ್ಲ. ನನ್ನ ಬದಿಯಲ್ಲಿದ್ದ ಮುದುಕ ಖಾರ್ವಿ, “ಸೋಡು ನಾಕಾ, ಸೋಡು ನಾಕಾ,” ಎನ್ನುತ್ತಲೇ ಇದ್ದ. ಬಿಡಬೇಡ, ಬಿಡಬೇಡ. ಹೊಟ್ಟೆಗೆ ಗಳು ಒತ್ತಿಕೊಂಡು ನಾನು ತಳ್ಳಿದೆ. ಅದು ಬಾಗಿದ್ದು ಕಂಡಿತು. ಬಿದಿರು ಒಡೆಯುವ ಮೊದಲು ಮಾಡುವ ಸಣ್ಣ ಸದ್ದು ಕೇಳುತ್ತಿತ್ತು.

ಕೆಳಗೆ ಏನಾಗುತ್ತಿದೆಯೆಂದು ನನಗೆ ಕಾಣುತ್ತಿರಲಿಲ್ಲ. ನರ್ಸಬಾಯಿ ಕೆಸರು ಮೈಯಲ್ಲೇ ನೀರಿಗಿಳಿದಿದ್ದರು. ಮುಳುಗಿ ಕೈಯಾಡಿಸಿ ನೋಡಿ, ಮಾಸ್ತರರ ಪಾಯಿಜಾಮ ಚೈನಿಗೆ ಸಿಕ್ಕಿದೆ, ಗಾಡಿ ಎತ್ತಿದರೂ ಕಾಲು ಬರುವುದಿಲ್ಲ ಎಂದು ತಿಳಿದು, ಚೀಲದ ಕತ್ತರಿ ತೆಗೆದು ಬಟ್ಟೆ ಕತ್ತರಿಸಿದರಂತೆ. ಆಮೇಲೆ ಇಬ್ಬರು ಖಾರ್ವಿಗಳು ಗಾಡಿ ಎತ್ತಿದರು. ಮಾಸ್ತರರನ್ನು ಮೇಲಕ್ಕೆ ಎಳೆದುಕೊಂಡ ಮೇಲೆ ಮುದುಕ ನನ್ನ ಹೆಗಲು ತಟ್ಟಿ ಸಾಕು ಎಂದ. ನನ್ನ ಬೆರಳುಗಳು ಗಳುವಿನಿಂದ ಬಿಡಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ. ಜಂಗಲ್ ಕಲ್ಲಿಗೆ ಬಡಿಯಿತು. ಆ ಸದ್ದೇ ನನಗೆ ಈಗಲೂ ನಿದ್ದೆಯಿಂದ ಎಚ್ಚರ ಕೊಡುವುದು.

ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ನರ್ಸಬಾಯಿ ದೋಣಿಯ ಹುಟ್ಟಿನ ತುಂಡೊಂದನ್ನು ಕೇಳಿ ಪಡೆದು, ತಮ್ಮ ಸೀರೆಯ ಸೆರಗು ಹರಿದು ಕಟ್ಟಿದರು. ಎತ್ತಿನ ಗಾಡಿಯ ಹುಲ್ಲಿನ ಮೇಲೆಯೇ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ನಾನು ಯಾರೆಂದು ಯಾರೋ ಹೇಳಿದರು. ಮಾಸ್ತರು ಕಣ್ಣು ತೆರೆದು ನೋಡಿದರು.

“ಓ, ನೀವೇನಾ,” ಅಂದರು. “ಪೇಪರಿನವರು ಬಂದು ನೋಡಿ ಹೋದ ಗಾಡಿ ಅಂದ್ರು. ಅದಕ್ಕೇ ನಾನು ಮತ್ತೆ ನೋಡ್ಲಿಲ್ಲ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಕಾರಣ ಹೇಳಿದ್ದಷ್ಟೆ.

ಆಸ್ಪತ್ರೆಯ ಜಗಲಿಯಲ್ಲಿ ನರ್ಸಬಾಯಿ ನನ್ನನ್ನು ಕೂರಿಸಿ, ಆ ಗಾಡಿಯಲ್ಲಿ ನನಗೇನು ಕಂಡಿತ್ತೆಂದು ಕೇಳಿದರು. ಬುರುಡೆಯ ಉಪ್ಪಿನ ಬಗ್ಗೆ ಹೇಳಿದೆ. ಹೇಗೆ ನೋಡುವುದೆಂದು ಮತ್ತೊಮ್ಮೆ ಬಿಡಿಸಿ ಕೇಳಿದರು, ಔಷಧದ ಪ್ರಮಾಣ ಕೇಳಿಕೊಂಡ ಹಾಗೆ. ಆಮೇಲೆ ಒಳಗೆ ಹೋದರು.

ಸಂಪಾದಕರೂ ನಾನೂ ಕಂತ್ರಾಟುದಾರರ ಮನೆಗೆ ಹೋದೆವು. ಅವರು ಹೆದರಿದ್ದರು, ಆದರೆ ಸೋತಿರಲಿಲ್ಲ. ಮಳೆಗಾಲದಲ್ಲಿ ದೋಣಿ ಮಗುಚಿ ಗಾಡಿ ಒಂದು ಹಗಲು ಹೊಳೆಯಲ್ಲಿತ್ತೆಂದು ಒಪ್ಪಿದರು. ಎತ್ತಿದವರು ಅದೇ ಖಾರ್ವಿಗಳು; ಕೇಳಿದವರಿಲ್ಲವೆಂದು ಅವರೂ ಹೇಳಿರಲಿಲ್ಲ. ಗಾಡಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆಸ್ಪತ್ರೆಯ ಖರ್ಚು ನನ್ನದು ಎಂದರು. ಆದರೆ ಸುಳ್ಳು ಹೇಳಿ ಮಾರಿದಿರಿ ಎಂದು ಸಂಪಾದಕರು ಅಂದಾಗ ತಿರುಗಿ ಬಿದ್ದರು.

“ಮಾಸ್ತರಿಗೆ ಸುಳ್ಳು ಎಂತದು ಹೇಳ್ದೆ? ಇವರು ಬಂದದ್ದು ಸುಳ್ಳಾ? ನೋಡಿದ್ದು ಸುಳ್ಳಾ? ಇದೇ ಜಗಲಿ ಮೇಲೆ ಕೂತು ಚಾ ಕುಡಿದ್ರು. ಆತು, ಹೇಳಿ ಕಳಸ್ತೆ ಅಂದ್ರು. ಬೇಡ ಅಂತ ನನಗೆ ಯಾರು ಹೇಳಿದ್ದು?”

ಚಾ ತರಲೋ ಎಂದು ಒಳಗಿನಿಂದ ಯಾರೋ ಕೇಳಿದರು. ಸಂಪಾದಕರು ಎದ್ದು ನಿಂತರು.

ಕುಮಟೆಗೆ ಮರಳುವ ಬಸ್ಸಿನಲ್ಲಿ ನಾನು ಅವರಿಗೆ ಹೇಳಿದೆ: ಇನ್ನು ಮೇಲೆ ಬೇಡವಾದ ಗಾಡಿಗೆ ಅಲ್ಲೇ, ಅಂಗಳದಲ್ಲೇ, ಚಾ ಬರುವ ಮೊದಲೇ ಬೇಡ ಅನ್ನುತ್ತೇನೆ. ಯಾಕೆ ಬೇಡ ಎಂಬುದನ್ನೂ ನೆರೆಯವರಿಗೆ ಕೇಳುವ ಹಾಗೆ ಹೇಳುತ್ತೇನೆ. ಇಲ್ಲವಾದರೆ ನೋಡುವ ಕೆಲಸ ಬೇರೆಯವರಿಗೆ ಕೊಡಿ. ಅವರು ಮೊದಲು, ಹಾಗೆ ಮಾಡಿದರೆ ಗಾಡಿ ತೋರಿಸಲು ಕರೆಯುವವರೇ ಇರುವುದಿಲ್ಲ ಅಂದರು. ಹಳದೀಪುರ ದಾಟಿದ ಮೇಲೆ, ಕರೆಯದಿದ್ದರೆ ಬೇಡ ಅಂದರು. ಆ ವಾರದಿಂದ ಜಾಹೀರಾತಿನ ತಲೆಯ ಮೇಲೆ ಅವರೇ ಬರೆದ ಒಂದು ಸಾಲು ಖಾಯಂ ಆಯಿತು: ‘ನೋಡಿ ಹೋದದ್ದೆಲ್ಲ ಒಪ್ಪಿದ್ದಲ್ಲ, ಇಲ್ಲಿ ಅಚ್ಚಾದದ್ದು ಮಾತ್ರ ಒಪ್ಪಿದ್ದು.’ ಪೇಟೆಯಲ್ಲಿ ಆ ಸಾಲನ್ನು ಹೆಣ್ಣು ನೋಡಿ ಸುಮ್ಮನಾದ ಮನೆಗಳ ಮೇಲೆ ಎಸೆಯತೊಡಗಿದರು.

ಎದುರಿಗೆ ಬೇಡ ಅನ್ನುವುದು ಎಷ್ಟು ಆಯಾಸದ ಕೆಲಸವೆಂದು ಮಾಡಿದವರಿಗೇ ಗೊತ್ತು. ಕೆಲವರು ಮುಖ ತಿರುಗಿಸಿದರು. ಒಬ್ಬರು ನನ್ನ ಜಾತಿ ಎತ್ತಿ ಮಾತಾಡಿದರು. ಭಟ್ಕಳದ ಒಬ್ಬ ಜವಳಿ ವ್ಯಾಪಾರಿ ಮಾತ್ರ, ನಾನು ಬೇಡ ಅಂದ ಮೇಲೆ, “ಅಚ್ಛಾ, ಹೇಳಿ ಆಯ್ತಲ್ಲ. ಈಗ ಚಾ ಕುಡೀರಿ. ಗಾಡಿಗೇನು ಸಿಟ್ಟು ಬರೋದಿಲ್ಲ,” ಎಂದರು. ಜಾಹೀರಾತು ಕಡಿಮೆಯಾಯಿತು. ಆ ಅಂಕಣ ಕೆಲವು ವಾರ ಖಾಲಿಯೇ ಹೋಯಿತು. ನಾವು ಅಲ್ಲಿ ಬಸ್ಸಿನ ಸಮಯ ಹಾಕಿದೆವು.

ನನಗೂ ಗಾಡಿಯ ಮೇಲೆ ಕೂರಲು ಆಗುತ್ತಿರಲಿಲ್ಲ. ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಬ್ರೇಕಿನ ಸರಳನ್ನು ಎಷ್ಟು ಸಲ ಮುಟ್ಟಿ ನೋಡಿದರೂ ಸಾಲದು. ಬೇಸಗೆಯ ಹೊತ್ತಿಗೆ ಮಾರಿಬಿಡುವುದೆಂದು ತೀರ್ಮಾನಿಸಿ, ಇದ್ದ ದೋಷಗಳನ್ನೆಲ್ಲ ಸೇರಿಸಿ ಜಾಹೀರಾತು ಬರೆದೆ. ಸಂಪಾದಕರು ಓದಿ ಕನ್ನಡಕ ತೆಗೆದರು. “ನಿನ್ನ ಗಾಡಿ ನೋಡುವವರು ಯಾರು? ನೀನೇ ನೋಡಿ ನೀನೇ ಒಪ್ಪುವುದು ಆಗುವುದಿಲ್ಲ.”

ಯೋಚಿಸಿ, ನೀವೇ ಬಂದು ನೋಡಿ ಎಂದು ಮಾವಳ್ಳಿಗೆ ಹೇಳಿ ಕಳಿಸಿದೆ. ಕಾಲು ಕೂಡಿದ್ದರೂ ಮಾಸ್ತರಿಗೆ ದೂರ ನಡೆಯಲಾಗುತ್ತಿರಲಿಲ್ಲ. ಅವರು ಬೇರೆ ಗಾಡಿ ಹುಡುಕುತ್ತಿದ್ದಾರೆಂದು ಕಿವಿಗೆ ಬಿದ್ದಿತ್ತು.

ಇಬ್ಬರೂ ಬಸ್ಸಿನಲ್ಲಿ ಬಂದರು. ಮಾಸ್ತರು ಕೋಲೂರಿಕೊಂಡು ಜಗಲಿಯ ಮೇಲೆ ಕೂತರು. ನರ್ಸಬಾಯಿ ಕೂರಲಿಲ್ಲ. ಎಂಜಿನ್ನಿನ ಮೇಲೆ ಕೈಯಿಟ್ಟರು. ಹಿಂದಿನ ಬ್ರೇಕಿನ ಸರಳನ್ನು ಎರಡು ಬೆರಳಲ್ಲಿ ಉದ್ದಕ್ಕೂ ಸವರಿದರು. ನನ್ನಿಂದ ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು ದೀಪದ ಗಾಜು ತಾವೇ ಬಿಚ್ಚಿದರು. ಬೆರಳು ಒಳಗೆ ಹಾಕಿ, ನಾಲಿಗೆಗೆ ಮುಟ್ಟಿಸಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ವರ್ಷ ಹೊಳೆ ದಾಟಿದ ಗಾಡಿ; ನನ್ನ ಕೈಗೆ ಬರುವ ಮೊದಲು ಯಾವ ನೀರು ಕಂಡಿತ್ತೋ ಗೊತ್ತಿಲ್ಲ. ನನ್ನದರ ಬುರುಡೆಯನ್ನು ನಾನು ಯಾವತ್ತೂ ಹಾಗೆ ನೋಡಿರಲಿಲ್ಲ.

ಅವರು ಗಾಜನ್ನು ಹಿಂದಕ್ಕೆ ಕೂರಿಸಿ, ತಿರುಪು ಬಿಗಿ ಮಾಡಿ, ಸೆರಗಿಗೆ ಕೈ ಒರೆಸಿಕೊಂಡರು.

“ಉಪ್ಪದೆ,” ಅಂದರು. “ಬೇಡ.”

ಮಾಸ್ತರು ತಲೆಯೆತ್ತಿ ನನ್ನ ಮುಖ ನೋಡಿದರು. ಒಳಗೆ ಅಮ್ಮ ಚಾಕ್ಕೆ ನೀರಿಟ್ಟ ಸದ್ದು ಕೇಳಿತು. ಎಷ್ಟೋ ತಿಂಗಳಿಂದ ಹೊಟ್ಟೆಗೆ ಒತ್ತಿಕೊಂಡೇ ಇದ್ದ ಗಳುವನ್ನು ಯಾರೋ ತೆಗೆದುಕೊಂಡ ಹಾಗಾಯಿತು.

“ಆತು,” ಅಂದೆ. ಹೇಳಿ ಕಳಿಸುವುದೇನೂ ಉಳಿದಿರಲಿಲ್ಲ.